ಆಯ್ತಣ್ಣನ ಆಯ್ತು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು, ಇಲ್ಲದೆ ಏನು. ಆದರೆ ಅದು ಹಾಜರಿ ಪುಸ್ತಕದಿಂದ ಆಚೆ ಬಂದದ್ದೇ ಇಲ್ಲ. ವಿಮಾನಗಳನ್ನು ಒಳಗೆ ತಂದು ನಿಲ್ಲಿಸಿ ರಿಪೇರಿ ಮಾಡುವ ಆ ದೊಡ್ಡ ತಗಡಿನ ಹ್ಯಾಂಗರಿನಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರನವರೆಗೆ ಎಲ್ಲರಿಗೂ ಅವನು ಆಯ್ತಣ್ಣ. ಯಾಕೆ ಅಂತ ಕೇಳುವಂತೆಯೇ ಇಲ್ಲ. ಅವನ ಬಾಯಲ್ಲಿ ಇಲ್ಲ ಅನ್ನುವ ಮಾತು ಹುಟ್ಟಿಯೇ ಇರಲಿಲ್ಲ. ಇನ್ನೊಂದು ಶಿಫ್ಟ್ ಇರ್ತೀಯೇನಪ್ಪ ಅಂದರೆ ಆಯ್ತು. ರಜೆ ಇವತ್ತು ಬೇಡ, ಮುಂದಿನ ತಿಂಗಳು ತಗೋ ಅಂದರೆ ಆಯ್ತು. ಕ್ಯಾಂಟೀನಿನಲ್ಲಿ ಕಾಫಿ ತಣ್ಣಗಾಗಿದೆ, ಅದನ್ನೇ ಕುಡಿತೀರಾ ಅಂದರೂ ಆಯ್ತು.

ಅವನ ಹೆಂಡತಿ ಇದಕ್ಕೆ ಒಂದು ಕಥೆ ಇಟ್ಟುಕೊಂಡಿದ್ದಳು. ಮನೆಗೆ ಯಾರು ಬಂದರೂ ಆ ಕಥೆ ಹೊರಗೆ ಬರುತ್ತಿತ್ತು. “ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ದು ನಾನೇ. ನಾಚಿಕೆ ಬಿಟ್ಟು ಕೇಳ್ತಾ ಇದೀನಿ, ಪ್ರಶ್ನೆ ಮುಗಿಯೋಕೆ ಮುಂಚೆನೇ ಆಯ್ತು ಅಂದ್ಬಿಟ್ರು. ಬಸ್ಸಿಗೆ ಚಿಲ್ಲರೆ ಇದೆಯಾ ಅಂತ ಕೇಳಿದೆ ಅಂದ್ಕೊಂಡ್ರೋ ಏನೋ!” ಬಂದವರು ನಗುತ್ತಿದ್ದರು. ಆಯ್ತಣ್ಣನೂ ನಗುತ್ತಿದ್ದ. ಮೂವತ್ತು ವರ್ಷ ಆ ಕಥೆಗೆ ಎಲ್ಲರೂ ನಕ್ಕರು.

ಅವನು ಕೆಲಸ ಮಾಡುತ್ತಿದ್ದದ್ದು ಎರಡು ಪ್ರೊಪೆಲ್ಲರಿನ, ಮೂವತ್ತು ಸೀಟಿನ ಸಣ್ಣ ವಿಮಾನಗಳ ಮೇಲೆ. ದೊಡ್ಡ ಜೆಟ್ಟುಗಳ ಮೆಕ್ಯಾನಿಕ್ಕುಗಳಿಗೆ ಇವರನ್ನು ಕಂಡರೆ ತಾತ್ಸಾರ. “ಏನ್ರಪ್ಪ, ನಿಮ್ಮ ಫ್ಯಾನ್ ರಿಪೇರಿ ಎಲ್ಲಿಗೆ ಬಂತು?” ಎಂದು ಊಟದ ಸಾಲಿನಲ್ಲಿ ರೇಗಿಸುತ್ತಿದ್ದರು. “ಆಯ್ತು ಬಿಡ್ರಪ್ಪ, ಸೆಕೆ ಆದಾಗ ಈ ಕಡೆ ಬನ್ನಿ” ಅನ್ನುತ್ತಿದ್ದ ಆಯ್ತಣ್ಣ. ಹಾಗೆ ಹಂಗಿಸುವವರಿಗೆ ಏನು ಗೊತ್ತು! ಪ್ರೊಪೆಲ್ಲರ್ ಅಂದರೆ ಸುಮ್ಮನೆ ಗಿರಗಿರ ತಿರುಗುವ ಫ್ಯಾನಲ್ಲ. ಅದರ ರೆಕ್ಕೆಗಳು ನಿಂತ ಜಾಗದಲ್ಲೇ ಓರೆಯಾಗುತ್ತವೆ, ನೆಟ್ಟಗಾಗುತ್ತವೆ. ಅವನ್ನು ಹಾಗೆ ಹೊರಳಿಸುವುದು ಎಣ್ಣೆಯ ಒತ್ತಡ. ಹಾರುವಾಗ ಒಂದು ಎಂಜಿನ್ ಕೈಕೊಟ್ಟಿತು ಅನ್ನಿ, ಪೈಲಟ್ ಆ ಎಣ್ಣೆಯ ಬಲದಿಂದ ರೆಕ್ಕೆಗಳ ಅಂಚನ್ನು ಗಾಳಿಗೆ ತಿರುಗಿಸಿ ನಿಲ್ಲಿಸಿಬಿಟ್ಟರೆ ಗಾಳಿ ಸಲೀಸಾಗಿ ಜಾರಿಹೋಗುತ್ತದೆ, ಉಳಿದೊಂದು ಎಂಜಿನ್ನಿನಲ್ಲಿ ವಿಮಾನ ನೆಲಕ್ಕೆ ಬರುತ್ತದೆ. ಎಣ್ಣೆಯೇ ಸೋರಿಹೋದರೆ ಮಾತ್ರ ಕಷ್ಟ. ರೆಕ್ಕೆಗಳು ಗಾಳಿಗೆ ಗೋಡೆಯ ಹಾಗೆ ಅಡ್ಡ ನಿಂತುಬಿಡುತ್ತವೆ. ಒಂದು ಪಕ್ಕ ಎಳೆತ, ಇನ್ನೊಂದು ಪಕ್ಕ ತಡೆ. ವಿಮಾನ ತಡೆಯಿದ್ದ ಕಡೆಗೇ ಸುತ್ತಿಕೊಂಡು ಬೀಳುತ್ತದೆ.

ಅದಕ್ಕೇ ಆ ಎಣ್ಣೆ ಪೈಪಿನ ನಟ್ಟಿಗೆ ಅಷ್ಟು ನಿಯಮ. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ಟಕ್ ಎಂದು ಸದ್ದು ಮಾಡುವ ಟಾರ್ಕ್ ರೆಂಚಿನಲ್ಲೇ ಅದನ್ನು ಬಿಗಿ ಮಾಡಬೇಕು. ಟಕ್ ಅಂದ ಮೇಲೆ ನಟ್ಟಿನ ಮೇಲಿಂದ ಪೈಪಿಗೆ ಅಡ್ಡಲಾಗಿ ಹಳದಿ ಬಣ್ಣದ ಗೆರೆ ಎಳೆಯಬೇಕು. ಬಿಗಿ ಮಾಡಿದವನು ಆ ಕೆಲಸದ ಹಾಳೆಯ ಮೊದಲನೇ ಕಲಮಿನಲ್ಲಿ ಸಹಿ ಹಾಕಬೇಕು. ಇನ್ನೊಬ್ಬ ಬಂದು ಟಾರ್ಚ್ ಬಿಟ್ಟು ಗೆರೆ ನೋಡಿ ಎರಡನೇ ಕಲಮಿನಲ್ಲಿ ಸಹಿ ಹಾಕಬೇಕು. ಕೆಲಸ ಅರ್ಧಕ್ಕೆ ನಿಂತರೆ ಕೆಂಪು ಚೀಟಿ ಕಟ್ಟಿ, ಶಿಫ್ಟ್ ಪುಸ್ತಕದಲ್ಲಿ ಬರೆದು ಹೋಗಬೇಕು.

ಇದೆಲ್ಲವನ್ನೂ ಅವನು ಕಿವಿ ಹಿಂಡಿ ಕಲಿಸಿದ್ದು ಸ್ವಂತ ಬಾಮೈದನಿಗೆ. ಹೆಂಡತಿಯ ಒಬ್ಬನೇ ತಮ್ಮ. ಅಕ್ಕನ ಮನೆಯಲ್ಲೇ ಓದಿ, ಭಾವನ ಬೆನ್ನು ಹಿಡಿದು ಇದೇ ಕಸುಬಿಗೆ ಬಂದವನು. ಈಗ ನಲವತ್ತು ದಾಟಿ ಎರಡು ಹೆಣ್ಣುಮಕ್ಕಳ ತಂದೆ. “ಎಣ್ಣೆ ಪೈಪಿನ ಹತ್ರ ಹೋದಾಗ ಕಣ್ಣಿಗೂ ಎಣ್ಣೆ ಬಿಟ್ಕೊಂಡಿರು” ಅನ್ನುತ್ತಿದ್ದ ಆಯ್ತಣ್ಣ. “ಕಣ್ಣಲ್ಲಿ ನೋಡದೆ ಸಹಿ ಹಾಕ್ಬೇಡ. ದೇವರೇ ಬಂದು ಹೇಳಿದ್ರೂ ಹಾಕ್ಬೇಡ.”

“ನೀವು ಹೇಳಿದ್ರೆ?” ಎಂದು ಬಾಮೈದ ನಗುತ್ತಿದ್ದ.

“ನಾನು ಹೇಳಿದ್ರೂ ಅಷ್ಟೇ.”

ಹೀಗೆ ಹೇಳಿದವರೇ ಇಬ್ಬರೂ ಸೇರಿ ಒಂದು ಅಡ್ಡದಾರಿ ಮಾಡಿಕೊಂಡಿದ್ದರು. ಹನ್ನೊಂದು ವರ್ಷದಿಂದ ಬೆಳಗಿನ ಶಿಫ್ಟ್ ಆಯ್ತಣ್ಣನದು, ಮಧ್ಯಾಹ್ನ ಎರಡರ ಶಿಫ್ಟ್ ಬಾಮೈದನದು. ಬೇರೆಯವರಾಗಿದ್ದರೆ ಪುಸ್ತಕದಲ್ಲಿ ಬರೆದು ಒಪ್ಪಿಸುತ್ತಿದ್ದರು. ಮನೆಮನೆಯವರ ನಡುವೆ ಬರಹ ಯಾಕೆ? ಒಬ್ಬ ಕೈ ತೊಳೆಯುತ್ತಾ, ಇನ್ನೊಬ್ಬ ಬೂಟಿನ ದಾರ ಕಟ್ಟುತ್ತಾ, ಆ ನಲ್ಲಿಯ ಹತ್ತಿರವೇ ಬಾಯಲ್ಲಿ ಒಪ್ಪಿಸಿ ಮುಗಿಸುತ್ತಿದ್ದರು. ಒಂದು ದಿನವೂ ಎಡವಟ್ಟಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ, ಸಣ್ಣದೊಂದು ಎಡವಟ್ಟು, ಯಾರೂ ಸಾಯದಂಥದ್ದು.

ಆ ವಿಮಾನಗಳನ್ನು ಹಾರಿಸುವವರಲ್ಲಿ ಒಬ್ಬಳು ಹೆಣ್ಣುಮಗಳಿದ್ದಳು. ಹ್ಯಾಂಗರಿನವರೆಲ್ಲ ಆಕೆಯನ್ನು ಕ್ಯಾಪ್ಟನಮ್ಮ ಅನ್ನುತ್ತಿದ್ದರು. ಮೂವತ್ತೈದಿರಬಹುದು ವಯಸ್ಸು, ಗಟ್ಟಿ ದನಿ. ಮೆಟ್ಟಿಲು ಹತ್ತುವ ಮುಂಚೆ ವಿಮಾನವನ್ನು ಒಂದು ಸುತ್ತು ಸುತ್ತಿ, ಆಯ್ತಣ್ಣ ಕಣ್ಣಿಗೆ ಬಿದ್ದರೆ ದೂರದಿಂದಲೇ ಕೂಗುತ್ತಿದ್ದಳು: “ಆಯ್ತಣ್ಣ, ಆಯ್ತಾ?”

“ಆಯ್ತು!” ಎಂದು ಇವನು ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದ.

“ಏನಾಯ್ತು?”

“ಎಲ್ಲಾ ಆಯ್ತು!”

ಆರು ವರ್ಷದಿಂದ ನಡೆಯುತ್ತಿದ್ದ ತಮಾಷೆ ಅದು.

ಆ ದಿನ ಗುರುವಾರ. ಬಲಗಡೆ ಎಂಜಿನ್ನಿನ ಎಣ್ಣೆ ಪೈಪಿಗೆ ಹೊಸ ವಾಷರ್ ಹಾಕುವುದಿತ್ತು. ಹಿಂದಿನ ದಿನವೇ ಪೈಪ್ ಬಿಚ್ಚಿದ್ದು ಬಾಮೈದನಿಗೂ ಗೊತ್ತು. ಆಯ್ತಣ್ಣ ವಾಷರ್ ಹಾಕಿ, ಪೈಪ್ ಕೂರಿಸಿ, ನಟ್ಟನ್ನು ಬೆರಳಲ್ಲೇ ತಿರುಗುವಷ್ಟು ತಿರುಗಿಸಿ, ಟಾರ್ಕ್ ರೆಂಚ್ ತರಲು ಸ್ಟೋರಿಗೆ ಹೋದ. ಇದ್ದ ಎರಡರಲ್ಲಿ ಒಂದು ವಾರ್ಷಿಕ ಪರೀಕ್ಷೆಗೆ ಹೋಗಿತ್ತು, ಇನ್ನೊಂದು ಪಕ್ಕದ ವಿಮಾನದ ಮೇಲಿತ್ತು. ಎರಡೂವರೆಗೆ ಬರುತ್ತೆ ಅಂದರು. ಗಂಟೆ ಆಗಲೇ ಎರಡಕ್ಕೆ ಹತ್ತು ನಿಮಿಷ. ಬಾಗಿಲಿಂದ ಧೂಳು ನುಗ್ಗುತ್ತಿದ್ದುದರಿಂದ ಎಂಜಿನ್ನಿನ ಮುಚ್ಚಳ ಮುಚ್ಚಿ ನಾಲ್ಕು ಸ್ಕ್ರೂ ಹಾಕಿದ. ಕೆಂಪು ಚೀಟಿಯ ಡಬ್ಬ ಹ್ಯಾಂಗರಿನ ಆ ತುದಿಯಲ್ಲಿತ್ತು. ಬಾಮೈದ ಹೇಗೂ ಬರುತ್ತಾನಲ್ಲ ಎಂದು ನಲ್ಲಿಯ ಕಡೆ ನಡೆದ.

ಅವಸರಕ್ಕೆ ಕಾರಣವಿತ್ತು. ಮದುವೆಯಾಗಿ ಅವತ್ತಿಗೆ ಮೂವತ್ತು ವರ್ಷ. ಹೆಂಡತಿ ಸ್ಟುಡಿಯೋದಲ್ಲಿ ನಾಲ್ಕು ಗಂಟೆಗೆ ಫೋಟೋ ತೆಗೆಸಲು ಹೇಳಿಟ್ಟಿದ್ದಳು. ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದಳು. “ಉಗುರಲ್ಲಿ ಗ್ರೀಸ್ ಇಟ್ಕೊಂಡು ಬಂದ್ರೆ ನೋಡಿ ಮತ್ತೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಫೋಟೋದಲ್ಲಾದ್ರೂ ನಿಮ್ಮ ಕೈ ಬೆಳ್ಳಗಿರಲಿ.” ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಉಗುರು ಉಜ್ಜುತ್ತಾ ನಿಂತ. ಹೆಬ್ಬೆರಳಿನ ಉಗುರಿನ ಮೂಲೆಯಲ್ಲಿ ಒಂದು ಕಪ್ಪು ಗೆರೆ ಹೋಗಲೊಲ್ಲದು.

ಬೆನ್ನ ಹಿಂದೆ ಬೆಂಚಿನ ಮೇಲೆ ಕೂತು ಬಾಮೈದ ಬೂಟಿನ ದಾರ ಕಟ್ಟುತ್ತಿದ್ದ. “ಭಾವ, ಬಲಗಡೆ ನಟ್ಟು ನಾನು ಬಿಗಿ ಮಾಡ್ಲಾ?”

“ಆಯ್ತು.”

ಇಷ್ಟೇ ನೋಡಿ. ಇಪ್ಪತ್ತೆರಡು ಜೀವ ಹೋದದ್ದು ಇಷ್ಟು ಮಾತಿನಲ್ಲಿ. ಈಗ ನೀವೇ ಹೇಳಿ, ಅವನು ಅಂದದ್ದೇನು? ಸರಿ, ನೀನೇ ಬಿಗಿ ಮಾಡು ಅಂದನೋ? ಅದು ಆಗಿದೆ, ನೀನು ಮಾಡೋದು ಬೇಡ ಅಂದನೋ? ನಮ್ಮ ಮಾತಿನಲ್ಲಿ ಎರಡಕ್ಕೂ ಇದೇ ಪದ.

ಬಾಮೈದನ ಕಿವಿಗೆ ಬಿದ್ದದ್ದು ಆಗಿದೆ ಅಂತ. ಹೋಗಿ ನೋಡಿದ, ಮುಚ್ಚಳ ಬೇರೆ ಮುಚ್ಚಿದೆ. ಹಾಳೆಯಲ್ಲಿ ಮೊದಲನೇ ಕಲಮು ಖಾಲಿ ಇತ್ತು. ಫೋಟೋದ ಅವಸರದಲ್ಲಿ ಭಾವ ಸಹಿ ಮರೆತಿದ್ದಾರೆ, ಪಾಪ, ನಾಳೆ ಬೈಸಿಕೊಳ್ಳುವುದು ಯಾಕೆ ಎಂದು ಆ ಕಲಮಿನಲ್ಲೂ ತಾನೇ ಸಹಿ ಹಾಕಿದ, ಎರಡನೆಯದರಲ್ಲೂ ಹಾಕಿದ. ಮುಚ್ಚಳ ತೆಗೆಯಲಿಲ್ಲ. ಟಾರ್ಚ್ ಅವನ ಜೇಬಿನಲ್ಲೇ ಇತ್ತು.

ನಾಲ್ಕೂ ಇಪ್ಪತ್ತಕ್ಕೆ ಕ್ಯಾಪ್ಟನಮ್ಮ ವಿಮಾನ ಎತ್ತಿದಳು.

ಸ್ಟುಡಿಯೋದಲ್ಲಿ ಜನ ತುಂಬಿ ಇವರ ಸರದಿ ಬಂದಾಗ ಐದೂವರೆ. ಸ್ಟುಡಿಯೋದವನು ಇಬ್ಬರನ್ನೂ ನೀಲಿ ಪರದೆಯ ಮುಂದೆ ಕೂರಿಸಿ, ಆಯ್ತಣ್ಣನ ಕೈಗಳನ್ನು ಮಂಡಿಯ ಮೇಲೆ ಇಡಿಸಿ, ಗಲ್ಲ ಮೇಲೆ, ಭುಜ ಕೆಳಗೆ ಅಂತ ಜೀವ ತಿಂದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಾಲ್ಕು ಸಲ ತೆಗೆದ ಮೇಲೆ “ಆಯ್ತು, ಏಳಿ” ಅಂದ. ಹೊರಗೆ ಬಂದಾಗ ಎದುರಿನ ಟಿವಿ ಅಂಗಡಿಯ ಗಾಜಿನ ಮುಂದೆ ಜನ ಗುಂಪುಗೂಡಿದ್ದರು. ಆಯ್ತಣ್ಣ ಹೆಂಡತಿಯ ಕೈ ಬಿಟ್ಟು ಮುಂದೆ ನುಗ್ಗಿದ. ಹೊಲವೊಂದರಲ್ಲಿ ಹೊಗೆ. ಹೊಗೆಯ ನಡುವೆ ಒಂದು ಬಾಲ, ಬಾಲದ ಮೇಲೆ ಅವನೇ ನೂರಾರು ಸಲ ಒರೆಸಿದ ನಂಬರು.

ಫುಟ್‌ಪಾತಿನ ಮೇಲೇ ನಿಂತು ಬಾಮೈದನಿಗೆ ಫೋನ್ ಮಾಡಿದ. ಏಳೆಂಟು ಸಲ ಮಾಡಿದ ಮೇಲೆ ಆ ಕಡೆ ಎತ್ತಿದರು.

“ನಟ್ಟು ಬಿಗಿ ಮಾಡಿದ್ಯೇನೋ?”

ಆ ಕಡೆ ಗದ್ದಲ, ಕೂಗಾಟ. ಅದರ ನಡುವೆ ಬಾಮೈದನ ದನಿ, ಸಣ್ಣ ಹುಡುಗ ಮಾತಾಡಿದ ಹಾಗಿತ್ತು. “ನೀವು ಆಯ್ತು ಅಂದ್ರಲ್ಲ ಭಾವ?”

ಹತ್ತೊಂಬತ್ತು ಪ್ರಯಾಣಿಕರು, ಇಬ್ಬರು ಪೈಲಟ್‌ಗಳು, ಕಾಫಿ ಕೊಡುವ ಒಬ್ಬಳು ಹುಡುಗಿ. ಯಾರೂ ಉಳಿಯಲಿಲ್ಲ. ಪೇಪರಿನವರಿಗೇನು, ಮೊದಲ ವಾರ ಹೆಣ್ಣು ಪೈಲಟ್ ಗಾಬರಿಯಾದಳು ಅಂತ ಬರೆದರು, ಎರಡನೇ ವಾರ ಗಾಳಿ ಮಳೆ ಅಂತ ಬರೆದರು. ಅವತ್ತು ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಮೂರನೇ ವಾರ ತನಿಖೆಯವರಿಗೆ ಹೊಲದಲ್ಲಿ ಆ ಪೈಪ್ ಸಿಕ್ಕಿತು. ನಟ್ಟು ಎರಡು ಸುತ್ತು ಸಡಿಲ, ಹಳದಿ ಗೆರೆ ಇಲ್ಲ. ಹಾಳೆ ತೆಗೆದು ನೋಡಿದರೆ ಎರಡೂ ಕಲಮಿನಲ್ಲಿ ಒಬ್ಬನದೇ ಸಹಿ.

ಅಂದರೆ ಕಾಗದದ ಮೇಲೆ ಆಯ್ತಣ್ಣ ಎಲ್ಲೂ ಇರಲಿಲ್ಲ. ಸಿಕ್ಕಿಹಾಕಿಕೊಂಡವನು ಬಾಮೈದ. ಕೆಲಸ ಹೋಗುವುದು ಹಾಗಿರಲಿ, ಜೈಲಿಗೇ ಹಾಕುತ್ತಾರೆ ಅಂತ ಹ್ಯಾಂಗರಿನಲ್ಲಿ ಮಾತು. ಮ್ಯಾನೇಜರ್ ಆಯ್ತಣ್ಣನನ್ನು ರೂಮಿಗೆ ಕರೆದು ಬಾಗಿಲು ಹಾಕಿದ. “ನೋಡಿ, ನೀವು ಆಯ್ತು ಅಂದ್ರಿ ಅಂತ ನಿಮ್ಮ ಬಾಮೈದ ತನಿಖೆಯವರಿಗೆ ಹೇಳಿದ್ದಾನೆ. ಯಾವ ಅರ್ಥದಲ್ಲಿ ಅಂದ್ರಿ ಅಂತ ಅವರು ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತಾರೆ. ಸರಿ ಬಿಗಿ ಮಾಡು ಅಂದೆ ಅಂತ ಹೇಳಿ. ಸುಳ್ಳೇನಲ್ಲವಲ್ಲ? ಹದಿನಾಲ್ಕು ತಿಂಗಳು ಕಳೆದ್ರೆ ನಿಮಗೆ ರಿಟೈರ್‌ಮೆಂಟು. ಮರ್ಯಾದೆಯಾಗಿ ಮನೆಗೆ ಹೋಗ್ತೀರಿ.” ಆಯ್ತಣ್ಣ ಬಾಯಿ ತೆರೆದ. ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನಾಲಿಗೆ ಕಚ್ಚಿಕೊಂಡು ಎದ್ದು ಬಂದ.

ಕ್ಯಾಂಟೀನಿನಲ್ಲಿ ಯಾರೋ ಹಿಂದಿನಿಂದ ಅಂದರು: “ಕೈ ತೊಳ್ಕೊಂಡ್ಬಿಟ್ಟ ಬಿಡಪ್ಪ.” ಅವರು ಬೇರೆ ಅರ್ಥದಲ್ಲಿ ಅಂದದ್ದು. ಅವನಿಗೆ ಆ ನಲ್ಲಿಯ ಸದ್ದೇ ಕೇಳಿಸಿತು.

ತನಿಖೆಗೆ ಹೋಗುವ ಬೆಳಿಗ್ಗೆ ಹೆಂಡತಿ ಅವನ ಶರಟಿಗೆ ಇಸ್ತ್ರಿ ಹಾಕುತ್ತಿದ್ದಳು. ಎಂಟು ವಾರ ಅವಳು ಏನೂ ಕೇಳಿರಲಿಲ್ಲ. ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ. ಹಗಲೆಲ್ಲ ತಮ್ಮನ ಮನೆಗೆ ಹೋಗಿ ಅವನಿಗೆ ಎರಡು ತುತ್ತು ತಿನ್ನಿಸಿ, ಸಂಜೆ ಬಂದು ಇವನಿಗೆ ಬಡಿಸುತ್ತಿದ್ದಳು. ಅವಳ ಬಾಯಿಂದಲೇ ಆ ದಿನ ಪ್ರಶ್ನೆ ಬಂತು.

“ನಾನು ಯಾರ ಪರಾನೂ ಹೇಳಲ್ಲ. ನಿಜ ಒಂದು ಹೇಳಿ. ಸರಿ ಅಂತ ಅಂದ್ರಾ, ಆಗಿದೆ ಅಂತ ಅಂದ್ರಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಏನರ್ಥ? ಬಾಯಿ ನಿಮ್ದೇ ತಾನೆ?”

ಅವನು ಮಂಚದ ಅಂಚಿನಲ್ಲಿ ಬನಿಯನ್ನಿನಲ್ಲಿ ಕೂತಿದ್ದ. ತನ್ನ ಕೈ ನೋಡಿಕೊಂಡ. “ಅವನು ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ. ಹಿಂದೆ ಏನೋ ಮಾತಾಡಿದ ಅಂತ ಮಾತ್ರ ಗೊತ್ತಾಯ್ತು. ಏನು ಅಂತ ತಿರುಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ. ನಟ್ಟು ಬಾಕಿ ಇದೆ ಅಂತ ನಾನಾಗೇ ಹೇಳ್ಬೇಕಿತ್ತು, ಅದನ್ನೂ ಹೇಳ್ಲಿಲ್ಲ. ಬಾಯಿಗೆ ಬಂದಿದ್ದು ಅಂದೆ. ಉಗುರು ಉಜ್ತಾ ಇದ್ದೆ.”

ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ಹಾಗೇ ನಿಂತಿತು. “ನಾನು ಉಜ್ಜಿ ಅಂದಿದ್ದಕ್ಕಾ?”

“ಅಯ್ಯೋ, ಅದಲ್ಲವೇ...”

“ಫೋಟೋಗೆ ಅಂತಾನಾ?” ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಒರಗಿ ಕೂತುಬಿಟ್ಟಳು. ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡಳು. “ಮೂವತ್ತು ವರ್ಷ ಎಲ್ಲರ ಮುಂದೆ ಹೇಳಿ ನಗಿಸಿದೆನಲ್ಲ ನಾನು. ಕೇಳಿಸ್ಕೊಳ್ದೆ ಆಯ್ತು ಅಂತಾರೆ ಅಂತ. ತಮಾಷೆ ಅಂದ್ಕೊಂಡಿದ್ದೆ.” ಆಮೇಲೆ ಶರಟು ಕೊಡುತ್ತಾ ಕೇಳಿದಳು: “ಇದನ್ನೇ ಅಲ್ಲಿ ಹೇಳ್ತೀರಾ?”

ಅವನು ಶರಟು ತೊಟ್ಟು ಗುಂಡಿ ಹಾಕಿಕೊಂಡ.

ತನಿಖಾಧಿಕಾರಿ ಬಡಕಲು ಮನುಷ್ಯ, ಗಂಟಲು ಕಟ್ಟಿತ್ತು, ಮಾತಿಗೊಂದು ಸಲ ಬಿಸಿನೀರು ಗುಟುಕರಿಸುತ್ತಿದ್ದರು. ಮೇಜಿನ ಮೇಲೆ ರೆಕಾರ್ಡರ್ ಇತ್ತು. “ಹೆದರ್ಬೇಡಿ” ಅಂದರು. “ನಮ್ಮ ವರದಿಯಲ್ಲಿ ತಪ್ಪು ಅನ್ನೋ ಪದ ಬರಲ್ಲ. ಸಂಭಾವ್ಯ ಕಾರಣ ಅಂತ ಬರೀತೀವಿ. ಇನ್ನೊಂದು ವಿಮಾನ ಬೀಳಬಾರದು, ಅಷ್ಟೇ ನಮಗೆ ಬೇಕಾಗಿರೋದು.” ಹಾಳೆಯೊಂದನ್ನು ಮುಂದಕ್ಕೆ ತಳ್ಳಿದರು. “ಇದು ಕಾಕ್‌ಪಿಟ್ಟಿನ ರೆಕಾರ್ಡಿಂಗಿನಲ್ಲಿರೋ ಮಾತು. ಎಂಜಿನ್ ಚಾಲು ಮಾಡೋಕೆ ಮುಂಚಿನದು. ಇಲ್ಲಿ ಆಯ್ತಣ್ಣ ಅಂತ ಬರುತ್ತೆ. ಅದು ನೀವೇನಾ?”

ಅವನು ತಲೆಯಾಡಿಸಿದ. ಕನ್ನಡಕ ಹಾಕಿಕೊಂಡು ಓದಿದ. ಕ್ಯಾಪ್ಟನಮ್ಮ ಪಕ್ಕದ ಪೈಲಟ್‌ಗೆ ಹೇಳಿದ್ದು ಟೈಪ್ ಆಗಿತ್ತು: ಕೆಳಗೆ ಕೇಳಿದೆ. ಬಲಗಡೆ ಪೈಪ್ ಕೆಲಸ ಆಯ್ತಣ್ಣನೇ ಮಾಡಿದ್ದಂತೆ. ಹಾಗಾದ್ರೆ ಕಣ್ಣು ಮುಚ್ಕೊಂಡು ಹೋಗ್ಬಹುದು, ನಡಿ.

ಅಲ್ಲಿಯವರೆಗೂ ಅವನು ಏನು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ, ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ. ದಾರಿಯಲ್ಲಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು, ಸರಿ ಮಾಡು ಅಂದೆ, ಸರಿ ಮಾಡು ಅಂದೆ ಎಂದು ಬಾಯಲ್ಲಿ ಒಂದೆರಡು ಸಲ ಹೇಳಿಯೂ ನೋಡಿಕೊಂಡಿದ್ದ. ಹಾಳೆಯ ಆ ಎರಡು ಸಾಲು ಓದಿದ ಮೇಲೆ ಅವನಿಗೆ ಕನ್ನಡಕ ತೆಗೆಯಲೂ ಆಗಲಿಲ್ಲ. ಮೇಜಿನ ಮೇಲೆ ಕೈ ಊರಿ ಅತ್ತುಬಿಟ್ಟ, ಐವತ್ತೇಳು ವರ್ಷದ ಗಂಡಸು. ಅಧಿಕಾರಿ ರೆಕಾರ್ಡರ್ ನಿಲ್ಲಿಸಿ, ತಮ್ಮ ಬಿಸಿನೀರನ್ನೇ ಅವನ ಮುಂದಿಟ್ಟು ಕಾದರು.

“ಅವನು ಕೇಳಿದಾಗ ನೀವು ಆಯ್ತು ಅಂದ್ರಿ” ಎಂದರು ಮತ್ತೆ ರೆಕಾರ್ಡರ್ ಹಾಕಿ. “ಯಾವ ಅರ್ಥದಲ್ಲಿ?”

“ಯಾವ ಅರ್ಥದಲ್ಲೂ ಅಲ್ಲ ಸಾರ್. ಪ್ರಶ್ನೇನೇ ಕೇಳಿಸ್ಕೊಳ್ಳಲಿಲ್ಲ ನಾನು. ನಟ್ಟು ಬೆರಳಲ್ಲಿ ತಿರುಗಿಸಿದ್ದು ನಾನು, ಮುಚ್ಚಳ ಮುಚ್ಚಿದ್ದು ನಾನು, ಚೀಟಿ ಕಟ್ಟದೇ ಹೋಗಿದ್ದು ನಾನು. ಆಯ್ತು ಅಂದಿದ್ದೂ ನಾನೇ. ಅವನು ನಂಬಿದ್ದು ನನ್ನನ್ನ. ಬರ್ಕೊಳಿ.”

ಬರೆದುಕೊಂಡರು. ಆಯ್ತಣ್ಣನ ಲೈಸೆನ್ಸ್ ಹೋಯಿತು, ಕೆಲಸ ಹೋಯಿತು. ಬಾಮೈದನನ್ನು ಆರು ತಿಂಗಳು ಹೊರಗಿಟ್ಟು, ಮತ್ತೆ ಬಾ ಅಂದರು. ಅವನು ಹೋಗಲಿಲ್ಲ. ಬಸ್ ನಿಲ್ದಾಣದ ಹಿಂದೆ ನೀರಿನ ಪಂಪು ರಿಪೇರಿ ಮಾಡುವ ಸಣ್ಣ ಅಂಗಡಿ ಹಾಕಿಕೊಂಡ. ಅಕ್ಕನ ಮನೆಯ ಹೊಸಿಲು ಮಾತ್ರ ತುಳಿಯಲಿಲ್ಲ. ಆಯ್ತಣ್ಣ ಎರಡು ಸಲ ಆ ಅಂಗಡಿಯ ಎದುರಿನ ಫುಟ್‌ಪಾತಿನವರೆಗೂ ಹೋಗಿ, ಬಾಮೈದ ಬಗ್ಗಿಕೊಂಡು ಪಂಪು ಬಿಚ್ಚುವುದನ್ನು ನೋಡಿ, ಮಾತಾಡಿಸದೆ ವಾಪಸ್ ಬಂದ. ಅವನ ನಟ್ಟುಗಳ ಮೇಲೆಲ್ಲ ಹಳದಿ ಗೆರೆ ಇತ್ತು. ನೀರಿನ ಪಂಪಿಗೆ ಯಾರಾದರೂ ಗೆರೆ ಎಳೆಯುತ್ತಾರೆಯೇ!

ಆಯ್ತಣ್ಣ ಅನ್ನುವ ಹೆಸರೂ ನಿಂತುಹೋಯಿತು. ಯಾರಿಗೆ ಬಾಯಿ ಬರುತ್ತದೆ? ಹಳಬರು ದಾರಿಯಲ್ಲಿ ಸಿಕ್ಕರೆ ಹೆಸರಿಲ್ಲದೆ “ಏನ್ರೀ, ಹೇಗಿದೀರಿ” ಅಂದು ಮುಂದೆ ಹೋಗುತ್ತಿದ್ದರು. ಗೇಟಿನ ಕಾವಲುಗಾರನೊಬ್ಬ ಮಾತ್ರ ಸಂತೆಯಲ್ಲಿ ನಿಂತು ಮಾತಾಡಿಸಿ ಒಂದು ಸುದ್ದಿ ಹೇಳಿದ. ನಲ್ಲಿಯ ಮೇಲೆ ಬೋರ್ಡ್ ಹಾಕಿದ್ದಾರಂತೆ. ಆಯ್ತು ಅನ್ನಬಾರದು, ಮುಗಿದಿದೆ ಅಥವಾ ಮುಗಿದಿಲ್ಲ ಎಂದೇ ಹೇಳತಕ್ಕದ್ದು, ಬರೆದು ಒಪ್ಪಿಸತಕ್ಕದ್ದು. ಹೊಸದಾಗಿ ಸೇರಿದವರಿಗೆ ಅದು ಮೊದಲ ದಿನದ ಪಾಠವಂತೆ.

ಅವನು ಮನೆಯಲ್ಲೂ ಆ ಪದ ಬಿಟ್ಟ. 

ಯಾರು ಏನೇ ಕೇಳಲಿ, ಮೊದಲು ಪ್ರಶ್ನೆಯನ್ನು ತಿರುಗಿ ಅವರಿಗೇ ಒಪ್ಪಿಸುತ್ತಿದ್ದ. “ಅರ್ಧ ಕಿಲೋ ಟೊಮೆಟೊ ಸಾಕಾ ಅಂತ ತಾನೆ ಕೇಳಿದ್ದು? ಸಾಕು.” “ಬಾಗಿಲು ಹಾಕ್ಲಾ ಅಂತ ಕೇಳಿದ್ಯಾ? ಹಾಕು.” ತರಕಾರಿಯವಳು ಯಜಮಾನರಿಗೆ ಕಿವಿ ಮಂದವಾಗಿದೆ ಅಂದುಕೊಂಡು ಕಿರುಚಿ ಮಾತಾಡಲು ಶುರು ಮಾಡಿದಳು. ಹೆಂಡತಿ ಅವಳಿಗೆ ಏನೂ ಹೇಳಲಿಲ್ಲ. ಮದುವೆಯ ಕಥೆಯನ್ನೂ ಅವಳು ಮತ್ತೆ ಯಾರಿಗೂ ಹೇಳಲಿಲ್ಲ. ಸ್ಟುಡಿಯೋದಿಂದ ಫೋಟೋ ತರಲು ಇಬ್ಬರೂ ಹೋಗಲಿಲ್ಲ. ಪಾಪ, ಸ್ಟುಡಿಯೋದವನೇ ಒಂದು ದಿನ ಮನೆ ಹುಡುಕಿಕೊಂಡು ಬಂದು ಕೊಟ್ಟುಹೋದ. ಅದು ಬೀರುವಿನಲ್ಲಿ, ಹಳೆಯ ಹೊದಿಕೆಗಳ ಅಡಿಯಲ್ಲಿ ಇದೆ.

ಎರಡು ವರ್ಷದ ಮೇಲೆ ವರದಿ ಬಂತು. ದಪ್ಪನೆಯ ಪುಸ್ತಕ. ಹೆಸರುಗಳೇ ಇರಲಿಲ್ಲ, ಇವನು ಮೊದಲನೇ ಮೆಕ್ಯಾನಿಕ್, ಅವನು ಎರಡನೇ ಮೆಕ್ಯಾನಿಕ್. ಹೆಂಡತಿ ಕಿಟಕಿಯ ಬೆಳಕಿಗೆ ಹಿಡಿದು ಕೊನೆಯ ಪುಟ ಗಟ್ಟಿಯಾಗಿ ಓದಿದಳು. “ಸಂಭಾವ್ಯ ಕಾರಣ: ಅಪೂರ್ಣವಾಗಿದ್ದ ಕೆಲಸವನ್ನು ಶಿಫ್ಟ್ ಬದಲಾಗುವಾಗ ಬರಹದಲ್ಲಿ ದಾಖಲಿಸದೆ, ಎರಡು ಅರ್ಥ ಕೊಡುವ ಮಾತಿನಿಂದ ಒಪ್ಪಿಸಿದ್ದು, ಹಾಗೂ ಕಣ್ಣಾರೆ ಪರೀಕ್ಷಿಸದೆ ಸಹಿ ಹಾಕಿದ್ದು. ಪೈಲಟ್‌ಗಳು ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು.”

“ಕೊನೇದು ಇನ್ನೊಂದ್ಸಲ ಓದು” ಅಂದ ಅವನು. ಅವಳು ಓದಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಬಾಮೈದ. ಕಂಕುಳಲ್ಲಿ ಅದೇ ಪುಸ್ತಕ. ಬಹಳ ಇಳಿದುಹೋಗಿದ್ದ, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅಕ್ಕ ಬಾಗಿಲಲ್ಲೇ ಅವನ ಮುಖ ಸವರಿ, ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದಳು. ಅವನು ಮೊದಲು ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲೇ ಕೂತ. ಭಾವ ಎದುರಿಗೆ ಕೂತ.

“ನಾಲ್ಕು ಸ್ಕ್ರೂ ಭಾವ” ಅಂದ ಬಾಮೈದ. “ಮುಚ್ಚಳ ತೆಗೆಯೋಕೆ ನಾಲ್ಕೇ ನಾಲ್ಕು ಸ್ಕ್ರೂ. ಎರಡು ನಿಮಿಷದ ಕೆಲಸ. ನೀವು ಹೇಳಿದ್ರೂ ಸಹಿ ಹಾಕ್ಬೇಡ ಅಂತ ನೀವೇ ಹೇಳಿದ್ರಿ.”

“ಹೇಳಿದ್ದೆ.”

“ದಿನಾ ತೆಗೀತೀನಿ. ಕಣ್ಣು ಮುಚ್ಚಿದ್ರೆ ಸಾಕು, ಆ ನಾಲ್ಕು ಸ್ಕ್ರೂ ತೆಗೀತಾ ಕೂತಿರ್ತೀನಿ.”

ಅವನಿಗೆ ಅಳು ಬಂತು. ಅಂಗೈಯಿಂದ ಒರೆಸಿಕೊಂಡ. ಒಳಗೆ ಹಾಲು ಉಕ್ಕಿದ ಸದ್ದಾದರೂ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಆಯ್ತಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಎರಡು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. “ನಿನ್ನ ಹತ್ರ ಒಂದು ಕೇಳ್ಬೇಕು. ಅವತ್ತು ತಿರುಗಿ ನಿನ್ನ ಮುಖ ನೋಡಿದ್ರೆ ಸಾಕಿತ್ತು, ನೋಡ್ಲಿಲ್ಲ. ನಿನ್ನ ಕಸುಬು ಹಾಳು ಮಾಡ್ದೆ. ಆ ಇಪ್ಪತ್ತೆರಡು ಜನಾನ ನಾನು ಕೇಳೋ ಹಾಗಿಲ್ಲ, ನಿನ್ನನ್ನಾದ್ರೂ ಕೇಳ್ತೀನಿ. ಇದನ್ನ ಹೊಟ್ಟೇಲಿ ಹಾಕ್ಕೊಳ್ತೀಯಾ?”

“ಆಯ್ತು ಭಾವ.”

ಅಂದವನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಅಕ್ಕ ಚೌಕಟ್ಟು ಹಿಡಿದುಕೊಂಡಳು. ಎರಡು ವರ್ಷದಲ್ಲಿ ಆ ಮನೆಯೊಳಗೆ ಯಾರೂ ಆಡದಿದ್ದ ಪದ ಅದು.

ಆಯ್ತಣ್ಣ ಅವನ ಮುಖವನ್ನೇ ನೋಡಿದ. ಮೊದಲಿನ ಹಾಗೆ ಅಲ್ಲ, ಪೂರ್ತಿ ತಿರುಗಿ ಕೂತು ನೋಡಿದ. “ಯಾವ ಆಯ್ತು?” ಎಂದು ಮೆಲ್ಲಗೆ ಕೇಳಿದ. “ಹಾಕ್ಕೊಂಡಾಗಿದೆ ಅಂತಲೋ, ಇನ್ನು ಮೇಲೆ ಹಾಕ್ಕೊಳ್ತೀನಿ ಅಂತಲೋ?”

ಬಾಮೈದ ಬಾಯಿಂದ ಕೈ ತೆಗೆದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಗೊತ್ತಿಲ್ಲ ಭಾವ. ಬಾಯಿಗೆ ಬಂತು.”

ಆಯ್ತಣ್ಣ ತಲೆಯಾಡಿಸಿದ. ಕೈ ಚಾಚಿ ಬಾಮೈದನ ಮಂಡಿಯ ಮೇಲೆ ಇಟ್ಟ.

“ಗೊತ್ತಾದ ದಿನ ಬಂದು ಹೇಳು. ನಾನು ಕೇಳಿಸ್ಕೊಳ್ತೀನಿ.”